ಚಂಡಮಾರುತದ ಊರಲ್ಲಿ ಸೆಕೆಂಡ್ ಹ್ಯಾಂಡ್ ಬೋಟ್: ಮಾರಿದರೆ ವಿಮೆಯೂ ಜೊತೆಗೆ ಹೋಗುತ್ತದೆಯೇ?

ರಸ್ತೆಯ ಮಧ್ಯೆ ಅಡ್ಡ ಬಿದ್ದ ಬೋಟು, ಮನೆಯ ಗೋಡೆಗೆ ಒರಗಿ ನಿಂತ ಬೋಟು, ಒಂದರ ಮೇಲೊಂದು ರಾಶಿಯಾದ ಹತ್ತಾರು ಬೋಟುಗಳು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯಕ್ಕೆ 'ಇಯಾನ್' ಹರಿಕೇನ್ ಅಪ್ಪಳಿಸಿದಾಗ ಫೋರ್ಟ್ ಮೈಯರ್ಸ್ ಕಡೆಯಿಂದ ಬಂದ ಇಂಥ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ನಿಮ್ಮ ಮೊಬೈಲಿಗೂ ಬಂದಿರಬಹುದು.

ಇಂಥ ವಿಡಿಯೋ ನೋಡಿದಾಗ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, "ಅಮೆರಿಕದಲ್ಲಿ ಎಲ್ಲದಕ್ಕೂ ಇನ್ಶೂರೆನ್ಸ್ ಇರುತ್ತೆ, ಅವರಿಗೇನು ನಷ್ಟ?" ಎರಡು, "ಈಗ ಅಲ್ಲಿ ಬೋಟು ಕೊಂಡರೆ ಅರ್ಧ ರೇಟಿಗೆ ಸಿಗುತ್ತೆ." ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಆ ಸ್ವಲ್ಪ ನಿಜವನ್ನೇ ಪೂರ್ತಿ ನಂಬಿ ಹಣ ಹಾಕಿದವರು ಕೈ ಸುಟ್ಟುಕೊಳ್ಳುತ್ತಾರೆ.

ಫ್ಲೋರಿಡಾದಲ್ಲಿ ನೋಂದಣಿಯಾದ ಬೋಟುಗಳೇ ಸುಮಾರು 10 ಲಕ್ಷ. ಅಲ್ಲಿ ಬೋಟು ಕೊಡುವುದು, ಕೊಳ್ಳುವುದು ನಮ್ಮಲ್ಲಿ ಹಳೇ ಕಾರು ಮಾರಿದಷ್ಟೇ ಮಾಮೂಲಿ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ವಿಷಯ ಬೇಕಾಗಬಹುದು. ಹಾಗಾಗಿ ಚಂಡಮಾರುತ ಬರುವ ಕರಾವಳಿಯಲ್ಲಿ ಹಳೆಯ ಬೋಟು ಮಾರುವಾಗ ಮತ್ತು ಅದಕ್ಕೆ ವಿಮೆ ಮಾಡಿಸುವಾಗ ಜನ ನಂಬುವ ಏಳು ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು, ಬೋಟುಗಳು ಹಾಗೆ ರಾಶಿ ಬೀಳುವುದು ಯಾಕೆ ಎಂಬುದನ್ನು ತಿಳಿಯೋಣ.

ಬೋಟುಗಳು ರಸ್ತೆಗೆ ಬರುವುದು ಹೇಗೆ?

ಅಟ್ಲಾಂಟಿಕ್ ಸಾಗರದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. ಹರಿಕೇನ್ ಎಂದರೆ ನಾವು ಚಂಡಮಾರುತ ಎಂದು ಕರೆಯುವುದೇ, ಸಾಗರ ಬದಲಾದಂತೆ ಹೆಸರು ಬದಲಾಗುತ್ತದೆ ಅಷ್ಟೆ. 1991ರಿಂದ 2020ರವರೆಗಿನ ಸರಾಸರಿ ತೆಗೆದರೆ ವರ್ಷಕ್ಕೆ 14 ಬಿರುಗಾಳಿಗಳಿಗೆ ಹೆಸರಿಡಲಾಗಿದೆ. ಅವುಗಳಲ್ಲಿ 7 ಹರಿಕೇನ್ ಆಗಿವೆ, 3 ಭಾರೀ ಹರಿಕೇನ್ ಆಗಿವೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 120 ಕಿ.ಮೀ. ಗಾಳಿಗೆ ತಡೆದ ಹಗ್ಗ 240 ಕಿ.ಮೀ. ಗಾಳಿಗೂ ತಡೆಯುತ್ತದೆ ಎಂದು ಹೇಳಲಾಗದು. ಇಯಾನ್ ದಡ ಮುಟ್ಟಿದಾಗ ಗಾಳಿಯ ವೇಗ ಗಂಟೆಗೆ ಸುಮಾರು 240 ಕಿ.ಮೀ. ಇತ್ತು.

ಆದರೆ ಬೋಟಿಗೆ ಗಾಳಿಗಿಂತ ದೊಡ್ಡ ಶತ್ರು ನೀರು. ಚಂಡಮಾರುತ ಸಮುದ್ರದ ನೀರನ್ನು ದಡದ ಕಡೆಗೆ ದೂಡಿ ತರುತ್ತದೆ. ಇಯಾನ್ ಸಮಯದಲ್ಲಿ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೀರು ನೆಲಮಟ್ಟದಿಂದ 10ರಿಂದ 15 ಅಡಿ ಏರಿತ್ತು. ಖಾಸಗಿ ಬೋಟುಗಳನ್ನು ಬಾಡಿಗೆಗೆ ಕಟ್ಟಿ ನಿಲ್ಲಿಸುವ ತಾಣವನ್ನು ಮರೀನಾ ಎನ್ನುತ್ತಾರೆ. ಎಷ್ಟೋ ಮರೀನಾಗಳಲ್ಲಿ ತೇಲುವ ಕಟ್ಟೆಗಳಿರುತ್ತವೆ. ಅವು ಕಂಬಗಳಿಗೆ ಬಳೆ ಹಾಕಿದ ಹಾಗೆ ನಿಂತು, ನೀರಿನ ಜೊತೆ ಮೇಲೆ ಕೆಳಗೆ ಆಡುತ್ತವೆ. ನೀರು ಕಂಬದ ತುದಿಗಿಂತ ಮೇಲೇರಿದರೆ ಬಳೆ ಕಳಚಿಕೊಳ್ಳುತ್ತದೆ. ಆಗ ಕಟ್ಟೆ, ಅದಕ್ಕೆ ಕಟ್ಟಿದ ಬೋಟುಗಳು ಎಲ್ಲವೂ ಒಟ್ಟಿಗೇ ತೇಲಿಹೋಗುತ್ತವೆ. ಒಂದು ಬೋಟನ್ನು ಎಷ್ಟು ಚೆನ್ನಾಗಿ ಕಟ್ಟಿದ್ದರೂ ಪಕ್ಕದವರ ಬೋಟು ಬಿಡಿಸಿಕೊಂಡು ಬಂದು ಗುದ್ದಬಹುದು.

ನಷ್ಟ ಎಷ್ಟಾಗುತ್ತದೆ? 2012ರ 'ಸ್ಯಾಂಡಿ'ಯಲ್ಲಿ ಸುಮಾರು 65,000 ಬೋಟುಗಳು ಹಾಳಾಗಿ 65 ಕೋಟಿ ಡಾಲರ್ ನಷ್ಟವಾಯಿತು ಎಂದು ಅಮೆರಿಕದ ಬೋಟ್ ಮಾಲೀಕರ ಸಂಸ್ಥೆ 'ಬೋಟ್ ಯುಎಸ್' ಅಂದಾಜಿಸಿತ್ತು. ವಿಮಾ ಕಂಪನಿಗಳು ಈ ಕರಾವಳಿಯ ಬೋಟನ್ನು ಅಷ್ಟು ಎಚ್ಚರದಿಂದ ನೋಡುವುದು ಇದೇ ಕಾರಣಕ್ಕೆ. ಈಗ ತಪ್ಪು ಕಲ್ಪನೆಗಳಿಗೆ ಬರೋಣ.

ತಪ್ಪು ಕಲ್ಪನೆ 1: ಬೋಟು ಕೊಂಡರೆ ಅದರ ವಿಮೆಯೂ ಜೊತೆಗೆ ಬರುತ್ತದೆ

ಬರುವುದಿಲ್ಲ. ಇದೊಂದನ್ನು ತಿಳಿದುಕೊಂಡರೆ ಅರ್ಧ ಅಪಾಯ ತಪ್ಪಿದಂತೆ.

ವಿಮೆ ಎಂಬುದು ಬೋಟಿಗೆ ಅಂಟಿಸಿದ ಸ್ಟಿಕ್ಕರ್ ಅಲ್ಲ. ಅದು ಕಂಪನಿಗೂ ಒಬ್ಬ ನಿರ್ದಿಷ್ಟ ಮಾಲೀಕರಿಗೂ ನಡುವಿನ ಒಪ್ಪಂದ. ಬೋಟು ಓಡಿಸುವವರು ಯಾರು, ಅವರಿಗೆ ಎಷ್ಟು ವರ್ಷದ ಅನುಭವ, ಬೋಟು ಎಲ್ಲಿ ನಿಲ್ಲುತ್ತದೆ, ಚಂಡಮಾರುತ ಬಂದರೆ ಏನು ಮಾಡುತ್ತಾರೆ ಎಂಬುದನ್ನೆಲ್ಲ ನೋಡಿಯೇ ಕಂಪನಿ ಒಪ್ಪಿಕೊಂಡಿರುತ್ತದೆ. ಮಾಲೀಕರು ಬದಲಾದರೆ ಈ ಎಲ್ಲ ಉತ್ತರಗಳೂ ಬದಲಾಗುತ್ತವೆ.

ಇದು ಎಷ್ಟು ಗಂಭೀರ ಎಂಬುದಕ್ಕೆ ಅಮೆರಿಕದ ಒಂದು ಹಳೆಯ ಪ್ರಕರಣ ಸಾಕ್ಷಿ. ಟೆಕ್ಸೋಮಾ ಎಂಬ ಸರೋವರದಲ್ಲಿದ್ದ ಒಂದು ಹೌಸ್‌ಬೋಟನ್ನು ಅದರ ಮಾಲೀಕರು ತಮ್ಮದೇ ಕಂಪನಿಯ ಹೆಸರಿಗೆ ವರ್ಗಾಯಿಸಿದರು. ಮುಂದೆ ಅದು ಬೆಂಕಿಗೆ ಆಹುತಿಯಾಯಿತು. ತನ್ನ ಲಿಖಿತ ಒಪ್ಪಿಗೆ ಇಲ್ಲದೆ ಬೋಟನ್ನು ಮಾರಬಾರದು, ವರ್ಗಾಯಿಸಬಾರದು ಎಂಬ ಷರತ್ತು ಮುರಿದಿದ್ದೀರಿ ಎಂದು ವಿಮಾ ಕಂಪನಿ ಹಣ ಕೊಡಲು ನಿರಾಕರಿಸಿತು. ಬೋಟನ್ನು ಸ್ವಂತ ಮೋಜಿಗಷ್ಟೇ ಬಳಸಬೇಕು ಎಂಬಂಥ ಬೇರೆ ಷರತ್ತುಗಳ ಮಾತೂ ಬಂತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಇಂಥ ಷರತ್ತು ಮುರಿದರೆ ಏನಾಗಬೇಕು ಎಂಬುದನ್ನು ರಾಜ್ಯದ ಕಾನೂನು ತೀರ್ಮಾನಿಸಬೇಕು ಎಂದು ಕೋರ್ಟ್ 1955ರಲ್ಲಿ ಹೇಳಿತು. 'ವಿಲ್‌ಬರ್ನ್ ಬೋಟ್ ಕಂಪನಿ' ಪ್ರಕರಣ ಎಂದೇ ಇದು ಪ್ರಸಿದ್ಧ. ತಮ್ಮ ಬೋಟನ್ನು ತಮ್ಮದೇ ಕಂಪನಿಗೆ ಕೊಟ್ಟರೂ ಇಷ್ಟು ರಗಳೆಯಾದರೆ, ಪೂರ್ತಿ ಬೇರೆಯವರಿಗೆ ಮಾರಿದಾಗ ಹೇಗಿದ್ದೀತು?

ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿದೆ. ಭಾರತದ 1963ರ ಸಾಗರ ವಿಮಾ ಕಾಯ್ದೆಯ 17ನೇ ಕಲಮಿನ ಪ್ರಕಾರ, ವಿಮೆ ಮಾಡಿಸಿದ ಸ್ವತ್ತನ್ನು ಮಾರಿದ ಮಾತ್ರಕ್ಕೆ ವಿಮೆಯ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. ಅದಕ್ಕೆ ಪ್ರತ್ಯೇಕ ಒಪ್ಪಂದ ಬೇಕು. ಕಾರು, ಬೈಕಿನ ವಿಷಯ ಬೇರೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಮೂರನೇ ವ್ಯಕ್ತಿಗೆ ಆಗುವ ಹಾನಿಯ ವಿಮೆ ಹೊಸ ಮಾಲೀಕರಿಗೆ ವರ್ಗವಾಯಿತೆಂದೇ ಲೆಕ್ಕ, ಹೊಸಬರು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಬೇಕು. ಆದರೆ ವಾಹನಕ್ಕೇ ಆಗುವ ಹಾನಿಯ ವಿಮೆ ತಾನಾಗಿ ವರ್ಗವಾಗುವುದಿಲ್ಲ. ಕಾರಿನ ರೂಢಿಯಲ್ಲೇ ಬೋಟನ್ನೂ ನೋಡುವುದರಿಂದ ಈ ಗೊಂದಲ ಹುಟ್ಟುತ್ತದೆ.

ತಪ್ಪು ಕಲ್ಪನೆ 2: ಚಂಡಮಾರುತದ ಸುದ್ದಿ ಬಂದ ಮೇಲೆ ವಿಮೆ ಮಾಡಿಸಿದರಾಯಿತು

ಆಗ ಯಾರೂ ಮಾಡಿಕೊಡುವುದಿಲ್ಲ. ಹೆಸರಿಟ್ಟ ಬಿರುಗಾಳಿ ಕಂಪನಿ ಗುರುತಿಸಿಕೊಂಡ ಸಮುದ್ರ ಪ್ರದೇಶದೊಳಗೆ ಬಂದ ಕೂಡಲೇ ಅಥವಾ ಎಚ್ಚರಿಕೆ ಹೊರಬಿದ್ದ ಕೂಡಲೇ, ಆ ಭಾಗದಲ್ಲಿ ಹೊಸ ಪಾಲಿಸಿ ಕೊಡುವುದನ್ನು ಕಂಪನಿಗಳು ನಿಲ್ಲಿಸಿಬಿಡುತ್ತವೆ. ಇರುವ ಪಾಲಿಸಿಯ ಮೊತ್ತ ಹೆಚ್ಚಿಸುವುದಕ್ಕೂ ಆಗುವುದಿಲ್ಲ. ಬಿರುಗಾಳಿ ದಾಟಿಹೋದ ಮೇಲೆಯೇ ಬಾಗಿಲು ತೆರೆಯುವುದು.

ಇದರಲ್ಲಿ ಮೋಸವೇನಿಲ್ಲ. ಆಗಬಹುದು, ಆಗದಿರಬಹುದು ಎಂಬ ಅನಿಶ್ಚಿತತೆಯ ಮೇಲೆ ವಿಮೆ ನಿಂತಿದೆ. ಮನೆಗೆ ಬೆಂಕಿ ಹತ್ತಿದ ಮೇಲೆ ಬೆಂಕಿ ವಿಮೆ ಕೇಳಿದರೆ ಯಾರು ಕೊಡುತ್ತಾರೆ?

ಮಾರಾಟದ ಮೇಲೆ ಇದರ ಪರಿಣಾಮ ನೇರವಾದುದು. ಸೋಮವಾರ ಬೋಟಿನ ವ್ಯವಹಾರ ಕುದುರಿತು, ಶುಕ್ರವಾರ ಹಣ ಕೊಡುವುದು ಎಂದುಕೊಳ್ಳಿ. ಬುಧವಾರ ಮೆಕ್ಸಿಕೋ ಕೊಲ್ಲಿಯಲ್ಲಿ ಒಂದು ಬಿರುಗಾಳಿಗೆ ಹೆಸರಿಟ್ಟರು. ಕೊಳ್ಳುವವರಿಗೆ ಈಗ ವಿಮೆ ಸಿಗುವುದಿಲ್ಲ. ಆದರೂ ಶುಕ್ರವಾರ ಹಣ ಕೊಟ್ಟು ಕಾಗದ ಬರೆಸಿಕೊಂಡರೆ, ವಿಮೆಯೇ ಇಲ್ಲದ ಬೋಟಿನ ಮಾಲೀಕರಾಗಿ ಅವರು ಚಂಡಮಾರುತ ಎದುರಿಸಬೇಕು. ಮಾರಿದವರ ಪಾಲಿಸಿ ಅವರ ನೆರವಿಗೆ ಬರುವುದಿಲ್ಲ.

ಇದು ಅಪರೂಪದ ಸಂದರ್ಭ ಎಂದುಕೊಳ್ಳಬೇಡಿ. 2024ರಲ್ಲಿ 'ಹೆಲೀನ್' ಸೆಪ್ಟೆಂಬರ್ 26ರಂದು ಫ್ಲೋರಿಡಾ ತಲುಪಿತು. 'ಮಿಲ್ಟನ್' ಅಕ್ಟೋಬರ್ 9ರಂದು ಬಂತು. ಎರಡರ ನಡುವೆ ಎರಡೇ ವಾರ ಅಂತರ.

ತಪ್ಪು ಕಲ್ಪನೆ 3: ಡಿಡಕ್ಟಿಬಲ್ 10% ಎಂದರೆ ನಷ್ಟದ 10% ಮಾತ್ರ ನಮ್ಮ ಕೈಯಿಂದ

ಡಿಡಕ್ಟಿಬಲ್ ಎಂದರೆ ನಷ್ಟದಲ್ಲಿ ಮೊದಲು ನಾವೇ ಭರಿಸಬೇಕಾದ ಪಾಲು. ಅದು ಕಳೆದು ಉಳಿದದ್ದನ್ನು ಕಂಪನಿ ಕೊಡುತ್ತದೆ. ಚಂಡಮಾರುತದ ಕರಾವಳಿಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಎರಡು ಡಿಡಕ್ಟಿಬಲ್ ಇರುತ್ತವೆ. ಮಾಮೂಲಿ ಅಪಘಾತಕ್ಕೆ ಒಂದು, ಹೆಸರಿಟ್ಟ ಬಿರುಗಾಳಿಗೆ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದನ್ನು ಲೆಕ್ಕ ಹಾಕುವುದು ನಷ್ಟದ ಮೇಲಲ್ಲ, ಬೋಟಿನ ಒಟ್ಟು ವಿಮಾ ಮೊತ್ತದ ಮೇಲೆ.

ಒಂದು ಲೆಕ್ಕ ನೋಡಿ. ಬೋಟಿನ ವಿಮಾ ಮೊತ್ತ 60,000 ಡಾಲರ್. ಬಿರುಗಾಳಿಯ ಡಿಡಕ್ಟಿಬಲ್ 10%. ಅಂದರೆ ಮೊದಲ 6,000 ಡಾಲರ್ ಮಾಲೀಕರದೇ.

- ನಷ್ಟ 9,000 ಡಾಲರ್ ಆದರೆ ಕಂಪನಿ ಕೊಡುವುದು 3,000.
- ನಷ್ಟ 5,000 ಡಾಲರ್ ಆದರೆ ಕಂಪನಿ ಕೊಡುವುದು ಸೊನ್ನೆ.
- 'ನಷ್ಟದ 10% ಮಾತ್ರ ನಮ್ಮದು' ಎಂದುಕೊಂಡಿದ್ದವರು ಇದೇ 5,000 ನಷ್ಟಕ್ಕೆ 4,500 ಬರುತ್ತದೆ ಎಂದು ಕಾಯುತ್ತಿರುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಬಿರುಗಾಳಿಗೆ ಹೆಸರಿಡಲು ಅದು ಹರಿಕೇನ್ ಆಗಬೇಕಿಲ್ಲ. ಗಾಳಿಯ ವೇಗ ಗಂಟೆಗೆ 63 ಕಿ.ಮೀ. ಮುಟ್ಟಿ ಅದು ಉಷ್ಣವಲಯದ ಬಿರುಗಾಳಿಯಾದರೆ ಹೆಸರಿಡುತ್ತಾರೆ. ಹರಿಕೇನ್ ಎನಿಸಿಕೊಳ್ಳಲು 119 ಕಿ.ಮೀ. ಬೇಕು. ಪಾಲಿಸಿಯಲ್ಲಿ 'ಹೆಸರಿಟ್ಟ ಬಿರುಗಾಳಿ' ಎಂದಿದ್ದರೆ ಸಣ್ಣ ಬಿರುಗಾಳಿಗೂ ದೊಡ್ಡ ಡಿಡಕ್ಟಿಬಲ್ಲೇ ಅನ್ವಯ.

ತಪ್ಪು ಕಲ್ಪನೆ 4: ಬೋಟು ಪೂರ್ತಿ ಹಾಳಾದರೆ ವಿಮಾ ಮೊತ್ತ ಪೂರ್ತಿ ಸಿಗುತ್ತದೆ

ಇದು ಪಾಲಿಸಿಯ ಬಗೆಯನ್ನು ಅವಲಂಬಿಸಿದೆ. ಮುಖ್ಯವಾಗಿ ಎರಡು ಬಗೆ ಇವೆ.

ಮೊದಲನೆಯದು, ಮುಂಚೆಯೇ ಒಪ್ಪಿಕೊಂಡ ಬೆಲೆಯ ಪಾಲಿಸಿ. ಬೋಟಿನ ಬೆಲೆ 60,000 ಎಂದು ಇಬ್ಬರೂ ಒಪ್ಪಿ ಬರೆದುಕೊಂಡಿದ್ದರೆ, ಪೂರ್ತಿ ನಾಶವಾದಾಗ ಆ ಮೊತ್ತವೇ ಲೆಕ್ಕಕ್ಕೆ ಬರುತ್ತದೆ. ಎರಡನೆಯದು, ನಷ್ಟವಾದ ದಿನದ ಬೆಲೆಯ ಪಾಲಿಸಿ. ಇಲ್ಲಿ ಸವಕಳಿ ಕಳೆದು, ಆ ದಿನ ಮಾರುಕಟ್ಟೆಯಲ್ಲಿ ಅಂಥ ಹಳೇ ಬೋಟಿಗೆ ಎಷ್ಟು ಬೆಲೆಯೋ ಅಷ್ಟನ್ನೇ ಕೊಡುತ್ತಾರೆ. ಅದು 40,000 ಎಂದಾದರೆ ಅಷ್ಟೇ, ಅದರಲ್ಲೂ ಡಿಡಕ್ಟಿಬಲ್ ಕಳೆಯಬೇಕು.

ಎರಡನೇ ಬಗೆಯ ಪಾಲಿಸಿಯ ಕಂತು ಕಡಿಮೆ. ಹಳೆಯ ಬೋಟುಗಳಿಗೆ ಎಷ್ಟೋ ಸಲ ಅದೇ ಸಿಗುವುದು. ಕಂತು ಕಡಿಮೆ ಎಂದು ಖುಷಿಪಡುವ ಮೊದಲು ನಿಮ್ಮದು ಯಾವ ಬಗೆ ಎಂದು ಕೇಳಿ ತಿಳಿದುಕೊಳ್ಳಿ. ಕಂತು ಇನ್ನೂ ತೀರಾ ಕಡಿಮೆ ಇದ್ದರೆ ಅದು ಬೇರೆಯವರಿಗೆ ಮಾಡಿದ ಹಾನಿಗಷ್ಟೇ ಸೀಮಿತವಾದ ವಿಮೆಯೂ ಆಗಿರಬಹುದು. ಆಗ ನಿಮ್ಮ ಬೋಟು ಮುಳುಗಿದರೆ ಬೋಟಿನ ಬಾಬ್ತು ಏನೂ ಸಿಗದು.

ತಪ್ಪು ಕಲ್ಪನೆ 5: ಅರ್ಜಿಯಲ್ಲಿ ಏನು ಬರೆದರೂ ನಡೆಯುತ್ತದೆ, ಕಂತು ಕಟ್ಟಿದರೆ ಸಾಕು

ಸಾಗರ ವಿಮೆಗೆ ಶತಮಾನಗಳ ಹಿಂದಿನ ಒಂದು ತತ್ವವಿದೆ: ಇಬ್ಬರೂ ಪರಮ ಪ್ರಾಮಾಣಿಕತೆಯಿಂದ ನಡೆದುಕೊಳ್ಳಬೇಕು. ಸಮುದ್ರದಲ್ಲಿರುವ ಹಡಗನ್ನು ಲಂಡನ್ನಿನ ಕಚೇರಿಯಲ್ಲಿ ಕುಳಿತವರು ನೋಡಿ ಪರೀಕ್ಷಿಸಲು ಆಗುತ್ತಿರಲಿಲ್ಲ, ಮಾಲೀಕರ ಮಾತನ್ನೇ ನಂಬಬೇಕಿತ್ತು. ಹಾಗಾಗಿ ಕಂಪನಿ ಕೇಳದಿದ್ದರೂ ಮುಖ್ಯ ವಿಷಯಗಳನ್ನು ಮಾಲೀಕರೇ ಹೇಳಬೇಕು ಎಂಬ ನಿಯಮ ಬಂತು. ಫ್ಲೋರಿಡಾ ಭಾಗದ ಫೆಡರಲ್ ನ್ಯಾಯಾಲಯಗಳು ಈ ತತ್ವವನ್ನು ಬಿಗಿಯಾಗಿಯೇ ಅನ್ವಯಿಸುತ್ತಾ ಬಂದಿವೆ. ಹಿಂದೊಮ್ಮೆ ಬೋಟು ಮುಳುಗಿತ್ತು ಎಂಬುದನ್ನು ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು.

2019ರಲ್ಲಿ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ಬಳಿ ಒಂದು ವಿಹಾರ ನೌಕೆ ನೆಲಕ್ಕೆ ತಾಗಿ ಹಾಳಾಯಿತು. ಬೆಂಕಿ ಹತ್ತಿರಲಿಲ್ಲ. ಆದರೂ, ನೌಕೆಯಲ್ಲಿದ್ದ ಬೆಂಕಿ ಆರಿಸುವ ಸಲಕರಣೆಗಳನ್ನು ಸಕಾಲದಲ್ಲಿ ತಪಾಸಣೆ ಮಾಡಿಸಿರಲಿಲ್ಲ ಎಂದು ವಿಮಾ ಕಂಪನಿ ಹಣ ಕೊಡಲು ನಿರಾಕರಿಸಿತು. ಈ ವ್ಯಾಜ್ಯದಲ್ಲಿ ಯಾವ ರಾಜ್ಯದ ಕಾನೂನು ಅನ್ವಯಿಸಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮುಟ್ಟಿತು. ಪಾಲಿಸಿಯಲ್ಲಿ ಬರೆದುಕೊಂಡಂತೆ ನ್ಯೂಯಾರ್ಕ್ ಕಾನೂನೇ ಅನ್ವಯ ಎಂದು 2024ರ ಫೆಬ್ರವರಿಯಲ್ಲಿ ಕೋರ್ಟ್ ಒಮ್ಮತದಿಂದ ಹೇಳಿತು. ಪಾಲಿಸಿಯ ಮೂಲೆಯಲ್ಲಿರುವ ಒಂದು ಸಾಲು ಇಡೀ ಕ್ಲೇಮಿನ ದಿಕ್ಕನ್ನು ಬದಲಿಸಬಹುದು ಎಂಬುದಕ್ಕೆ ಇದೇ ಉದಾಹರಣೆ.

ಹಳೆಯ ಬೋಟಿನ ಅರ್ಜಿಯಲ್ಲಿ ಇಂಥ ಇನ್ನೊಂದು ಮುಖ್ಯ ಭಾಗ 'ಹರಿಕೇನ್ ಪ್ಲ್ಯಾನ್'. ಬಿರುಗಾಳಿ ಬಂದರೆ ಬೋಟನ್ನು ನೀರಿನಿಂದ ಮೇಲೆತ್ತಿಸುತ್ತೀರಾ, ಎಲ್ಲಿ ಇಡುತ್ತೀರಿ, ನೀವು ಊರಲ್ಲಿಲ್ಲದಿದ್ದರೆ ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಕೇಳುತ್ತಾರೆ. 'ಮೇಲೆತ್ತಿಸುತ್ತೇನೆ' ಎಂದು ಬರೆದುಕೊಟ್ಟು, ಆಮೇಲೆ ಹಗ್ಗ ಕಟ್ಟಿ ಸುಮ್ಮನಿದ್ದರೆ ಕ್ಲೇಮ್ ತಿರಸ್ಕೃತವಾಗಬಹುದು. ಕೊನೆಯ ದಿನ ಓಡಾಡಿದರೆ ಕ್ರೇನ್ ಸಿಗುವುದಿಲ್ಲ. ಬಿರುಗಾಳಿ ಸಮೀಪಿಸಿದಾಗ ಕಾಲುವೆಗಳ ಮೇಲಿನ ಎತ್ತುವ ಸೇತುವೆಗಳನ್ನು ಮುಚ್ಚಿಬಿಡುವುದರಿಂದ ದಾರಿಯೂ ಇರುವುದಿಲ್ಲ. ಕೆಲವು ಪಾಲಿಸಿಗಳು ಬೋಟು ಮೇಲೆತ್ತಿಸುವ ಖರ್ಚಿನಲ್ಲಿ ಒಂದು ಪಾಲನ್ನು ಕೊಡುತ್ತವೆ, ಇದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಲಾಭ.

ತಪ್ಪು ಕಲ್ಪನೆ 6: ಹೊರಗೆ ಹೊಳೆಯುತ್ತಿದ್ದರೆ ಬೋಟು ಚೆನ್ನಾಗಿದೆ ಎಂದರ್ಥ

ಚಂಡಮಾರುತದಲ್ಲಿ ಹಾಳಾದ ಬೋಟಿಗೆ ಪೂರ್ತಿ ಪರಿಹಾರ ಕೊಟ್ಟ ಕಂಪನಿ ಆ ಬೋಟನ್ನು ತಾನು ತೆಗೆದುಕೊಂಡು ಹರಾಜು ಹಾಕುತ್ತದೆ. ಅದನ್ನು ಅಗ್ಗಕ್ಕೆ ಕೊಂಡವರು ಫೈಬರ್ ಮೆತ್ತಿ, ಬಣ್ಣ ಬಳಿದು, ಸೀಟಿನ ಬಟ್ಟೆ ಬದಲಿಸಿ ಮತ್ತೆ ಮಾರುತ್ತಾರೆ. ಸರಿಯಾಗಿ ರಿಪೇರಿ ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿ ಮಾರುವವರೂ ಇದ್ದಾರೆ. ಹೇಳದೆ ಮಾರಿದಾಗ ತೊಂದರೆ.

ಉಪ್ಪುನೀರು ಮಾಡಿದ ಹಾನಿ ಕೂಡಲೇ ಕಾಣುವುದಿಲ್ಲ. ನೀರು ಒಣಗಿದರೂ ಉಪ್ಪು ಉಳಿಯುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ವೈರಿನ ತಾಮ್ರ ಒಳಗಿಂದೊಳಗೇ ಹಸಿರುಗಟ್ಟುತ್ತದೆ, ಕನೆಕ್ಷನ್‌ಗಳು ತಿಂದುಹೋಗುತ್ತವೆ, ಎಂಜಿನ್ನಿನ ಭಾಗಗಳು ತುಕ್ಕು ಹಿಡಿಯುತ್ತವೆ. ಮುಳುಗಿದ ಎಂಜಿನ್ನನ್ನು ಮೇಲೆತ್ತಿದ ತಕ್ಷಣ ಸಿಹಿನೀರಿನಲ್ಲಿ ತೊಳೆದು ಎಣ್ಣೆ ಹಾಕಿ ಕಾಪಾಡದಿದ್ದರೆ ಅದು ಉಳಿಯುವುದು ಕಷ್ಟ. ಬೋಟಿನ ಒಡಲಿನ ಎರಡು ಫೈಬರ್ ಪದರಗಳ ನಡುವೆ ಇರುವ ಮರ ಅಥವಾ ಫೋಮ್ ನೀರು ಕುಡಿದಿದ್ದರೆ ಹೊರಗಿನ ಬಣ್ಣ ನೋಡಿ ಅದನ್ನು ಪತ್ತೆಹಚ್ಚಲಾಗದು.

ಇದನ್ನು ಪತ್ತೆ ಮಾಡುವವರು ಮರೈನ್ ಸರ್ವೇಯರ್‌ಗಳು. ಬೋಟನ್ನು ನೀರಿನಿಂದ ಎತ್ತಿಸಿ, ತೇವ ಅಳೆಯುವ ಮೀಟರ್ ಹಿಡಿದು, ಒಡಲನ್ನು ತಟ್ಟಿ ಸದ್ದು ಕೇಳಿ, ವೈರಿಂಗ್ ಬಿಚ್ಚಿ ನೋಡಿ ವರದಿ ಕೊಡುತ್ತಾರೆ. ಹಳೆಯ ಬೋಟಿಗೆ ವಿಮೆ ಕೇಳಿದರೆ ಕಂಪನಿಗಳು ಸಾಮಾನ್ಯವಾಗಿ ಈ ವರದಿ ಕೇಳುತ್ತವೆ. ಸರ್ವೇಯರ್‌ರನ್ನು ಕೊಳ್ಳುವವರೇ ಗೊತ್ತುಮಾಡಿಕೊಳ್ಳಬೇಕು, ಮಾರುವವರು ತೋರಿಸುವ ಹಳೇ ವರದಿ ನೆಚ್ಚಿಕೊಳ್ಳಬಾರದು.

ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಕಾರಿಗೆ ಚಾಸಿಸ್ ನಂಬರ್ ಇದ್ದಂತೆ ಅಮೆರಿಕದ ಬೋಟುಗಳಿಗೆ 12 ಅಕ್ಷರಗಳ ಗುರುತಿನ ಸಂಖ್ಯೆ ಇರುತ್ತದೆ. 1972ರ ನವೆಂಬರ್‌ನಿಂದ ಇದು ಕಡ್ಡಾಯ. ಬೋಟಿನ ಹಿಂಬದಿಯ ಹಲಗೆಯ ಬಲಭಾಗದಲ್ಲಿ ಅದನ್ನು ಕೆತ್ತಿರುತ್ತಾರೆ. ಅದು ಕಾಗದಪತ್ರದಲ್ಲಿರುವ ಸಂಖ್ಯೆಗೆ ಅಕ್ಷರಶಃ ಹೊಂದಬೇಕು. ಕೆರೆದಂತೆ, ಮೇಲೆ ಹೊಸದಾಗಿ ಬಣ್ಣ ಬಳಿದಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಹಾನಿಗೊಳಗಾದ ಬೋಟಿನ ಮಾಲೀಕತ್ವ ಪತ್ರದಲ್ಲಿ 'ಒಡಲಿಗೆ ಹಾನಿಯಾಗಿದೆ' ಎಂದು ನಮೂದಿಸುವ ಕಾನೂನು ಫ್ಲೋರಿಡಾದಲ್ಲಿ 2023ರ ಜುಲೈನಿಂದ ಇದೆ. ಆದರೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಒಂದೇ ನಿಯಮವಿಲ್ಲ. ಬೇರೆ ರಾಜ್ಯದ ಕಾಗದ ಇರುವ ಬೋಟಾದರೆ ಹೆಚ್ಚು ಎಚ್ಚರ ಬೇಕು.

ತಪ್ಪು ಕಲ್ಪನೆ 7: ಮಾರಿ ಹಣ ಎಣಿಸಿಕೊಂಡರೆ ನಮ್ಮ ಜವಾಬ್ದಾರಿ ಮುಗಿಯಿತು

ಇದು ಮಾರುವವರ ತಪ್ಪು ಕಲ್ಪನೆ. ಫ್ಲೋರಿಡಾದಲ್ಲಿ ಬೋಟು ಕೊಂಡವರು 30 ದಿನದೊಳಗೆ ಮಾಲೀಕತ್ವ ಪತ್ರವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅವರು ಮಾಡಿಸಿಕೊಳ್ಳದೆ ಸುಮ್ಮನಾದರೆ ಸರ್ಕಾರಿ ದಾಖಲೆಯಲ್ಲಿ ಹಳೇ ಮಾಲೀಕರ ಹೆಸರೇ ಉಳಿಯುತ್ತದೆ. ಆಮೇಲೆ ಚಂಡಮಾರುತಕ್ಕೆ ಆ ಬೋಟು ಮುರಿದು ಯಾವುದೋ ಕಾಲುವೆಯಲ್ಲಿ ಅರ್ಧ ಮುಳುಗಿ ನಿಂತರೆ ನೋಟಿಸ್ ಯಾರಿಗೆ ಬರುತ್ತದೆ? ದಾಖಲೆಯಲ್ಲಿ ಹೆಸರಿರುವವರಿಗೆ.

ಬೋಟನ್ನು ನೀರಿನಲ್ಲಿ ಹಾಳುಬಿಡುವುದು ಅಲ್ಲಿ ಅಪರಾಧ. ಅದನ್ನು ಎತ್ತಿಸಿ ಸಾಗಿಸುವ ಖರ್ಚು ಮಾಲೀಕರ ತಲೆಗೇ ಬರುತ್ತದೆ. ಹಳೇ ಸಣ್ಣ ಬೋಟಿನ ವಿಷಯದಲ್ಲಿ ಈ ಖರ್ಚು ಬೋಟಿನ ಬೆಲೆಗಿಂತ ಹೆಚ್ಚಾಗಬಹುದು.

ಇದಕ್ಕೆ ಪರಿಹಾರ ಸರಳ. ಮಾರಿದ ಕೂಡಲೇ ಮಾರಾಟವಾಗಿದೆ ಎಂಬ ಸೂಚನೆಯನ್ನು ಸರ್ಕಾರಿ ಕಚೇರಿಗೆ ಸಲ್ಲಿಸಬೇಕು. ಫ್ಲೋರಿಡಾದಲ್ಲಿ ಇದಕ್ಕಾಗಿ ನಿಗದಿತ ನಮೂನೆ ಇದೆ, ಅದೇ ಮಾರಾಟ ಪತ್ರವೂ ಆಗುತ್ತದೆ. ದಿನಾಂಕ, ಬೆಲೆ, ಬೋಟಿನ ಗುರುತಿನ ಸಂಖ್ಯೆ, ಇಬ್ಬರ ಸಹಿ ಇರುವ ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.

ಹಾಗಾದರೆ ಸರಿಯಾದ ಕ್ರಮ ಯಾವುದು?

ಮೇಲಿನದೆಲ್ಲ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಚಂಡಮಾರುತದ ಕರಾವಳಿಯಲ್ಲಿ ಬೋಟಿಗೆ ವಿಮೆ ಸಿಗುವುದೂ ಅದರ ಬೆಲೆಯ ಒಂದು ಭಾಗ. ವಿಮೆಯಿಲ್ಲದ ಬೋಟನ್ನು ಹೆಚ್ಚಿನ ಮರೀನಾಗಳು ನಿಲ್ಲಿಸಿಕೊಳ್ಳುವುದಿಲ್ಲ, ಬ್ಯಾಂಕುಗಳು ಸಾಲ ಕೊಡುವುದಿಲ್ಲ. ವಿಹಾರದ ಬೋಟಿಗೆ ವಿಮೆ ಇರಲೇಬೇಕೆಂದು ಫ್ಲೋರಿಡಾ ಕಾನೂನು ಹೇಳದಿದ್ದರೂ ವ್ಯವಹಾರದಲ್ಲಿ ಅದಿಲ್ಲದೆ ನಡೆಯದು. 'ಅರ್ಧ ರೇಟಿನ ಬೋಟು' ಯಾಕೆ ಅರ್ಧ ರೇಟಿಗೆ ಬಂದಿದೆ ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಲ್ಲೇ ಇರುತ್ತದೆ.

ಆದ್ದರಿಂದ ವ್ಯವಹಾರ ಈ ಕ್ರಮದಲ್ಲಿ ನಡೆದರೆ ಇಬ್ಬರಿಗೂ ಕ್ಷೇಮ:

- ಮೊದಲು ಬೋಟಿನ ಗುರುತಿನ ಸಂಖ್ಯೆ, ಕಾಗದಪತ್ರ, ಸಾಲ ಬಾಕಿ ಇದೆಯೇ ಎಂಬುದನ್ನು ನೋಡಿಕೊಳ್ಳಿ.
- ಮುಂಗಡ ಕೊಡುವಾಗ ಮೂರು ಷರತ್ತು ಬರೆಸಿಕೊಳ್ಳಿ: ಸರ್ವೇ ವರದಿ ಸರಿ ಬರಬೇಕು, ವಿಮೆ ಸಿಗಬೇಕು, ನಡುವೆ ಬಿರುಗಾಳಿ ಬಂದರೆ ದಿನಾಂಕ ಮುಂದಕ್ಕೆ ಹೋಗಬೇಕು. ಅಲ್ಲಿಯವರೆಗಿನ ನಷ್ಟ ಯಾರದು ಎಂಬುದನ್ನೂ ಅದರಲ್ಲೇ ಬರೆಯಿರಿ.
- ಓಡಿಸಿ ನೋಡುವಾಗ ಮಾಲೀಕರೂ ಬೋಟಿನಲ್ಲಿರಲಿ. ಬೇರೆಯವರು ಓಡಿಸಿದರೆ ತಮ್ಮ ಪಾಲಿಸಿ ಒಪ್ಪುತ್ತದೆಯೇ ಎಂದು ಮಾರುವವರು ಮೊದಲೇ ಕೇಳಿಕೊಳ್ಳಲಿ.
- ಸರ್ವೇ ಆದ ಮೇಲೆ ಕೊಳ್ಳುವವರು ವಿಮೆಗೆ ಅರ್ಜಿ ಹಾಕಲಿ. ಯಾವ ದಿನ, ಎಷ್ಟು ಗಂಟೆಯಿಂದ ವಿಮೆ ಜಾರಿ ಎಂಬುದು ಬರಹದಲ್ಲಿ ಕೈಗೆ ಬರಲಿ.
- ಆ ಸಮಯಕ್ಕೆ ಹೊಂದಿಸಿ ಹಣ ಮತ್ತು ಕಾಗದ ಕೈ ಬದಲಾಗಲಿ.
- ಮಾರಿದವರು ಸೂಚನೆ ಸಲ್ಲಿಸಿದ ಮೇಲೆಯೇ ತಮ್ಮ ಪಾಲಿಸಿ ರದ್ದು ಮಾಡಿಸಲಿ. ಗಿರಾಕಿ ಸಿಕ್ಕರು ಎಂಬ ಭರವಸೆಯಲ್ಲಿ ವಾರದ ಮೊದಲೇ ರದ್ದು ಮಾಡಿಸಿ ಕೂರಬಾರದು.

ಆಗುವುದಾದರೆ ಇದನ್ನೆಲ್ಲ ಡಿಸೆಂಬರ್ ಮತ್ತು ಮೇ ನಡುವೆ ಮುಗಿಸುವುದು ಇನ್ನೂ ಒಳ್ಳೆಯದು. ಆ ತಿಂಗಳುಗಳಲ್ಲಿ ಬಿರುಗಾಳಿಯ ಕಾರಣಕ್ಕೆ ವಿಮೆಯ ಬಾಗಿಲು ಮುಚ್ಚುವ ಭಯ ತೀರಾ ಕಡಿಮೆ.

ನಮ್ಮ ಕರಾವಳಿಗೂ ಇದು ಸಂಬಂಧಿಸಿದ್ದೇ?

ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಮುಂಗಾರಿನ ಮೊದಲು ಮತ್ತು ನಂತರ ಬರುತ್ತವೆ. 2021ರ ಮೇ ತಿಂಗಳಲ್ಲಿ 'ತೌಕ್ತೆ' ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕಡಲಂಚಿನಲ್ಲಿ ಮನೆಗಳಿಗೂ ಬೋಟುಗಳಿಗೂ ಹಾನಿ ಮಾಡಿತ್ತು. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಮೀನುಗಾರಿಕಾ ಬೋಟುಗಳು ಕೈ ಬದಲಾಗುವುದು ಹೊಸತಲ್ಲ. ಫ್ಲೋರಿಡಾದ ಡಿಡಕ್ಟಿಬಲ್ ಲೆಕ್ಕ, ನಮೂನೆಗಳು ಇಲ್ಲಿಗೆ ಹೊಂದುವುದಿಲ್ಲ. ಆದರೆ ಮಾರಾಟದ ಜೊತೆ ವಿಮೆ ತಾನಾಗಿ ಹೋಗುವುದಿಲ್ಲ ಎಂಬ ಮೂಲ ನಿಯಮ ಇಲ್ಲೂ ಇದೆ. ಬೋಟು ಕೊಳ್ಳುವಾಗ "ಇನ್ಶೂರೆನ್ಸ್ ಇದೆ" ಎಂದು ಯಾರಾದರೂ ಹೇಳಿದರೆ, "ಯಾರ ಹೆಸರಲ್ಲಿ?" ಎಂದು ಕೇಳಿ.

ಮುಂದಿನ ಸಲ ರಾಶಿ ಬಿದ್ದ ಬೋಟುಗಳ ವಿಡಿಯೋ ಬಂದಾಗ, ಅದರ ಜೊತೆ "ಅವರಿಗೆಲ್ಲ ವಿಮೆ ಇರುತ್ತೆ" ಎಂಬ ಮಾತನ್ನು ಫಾರ್ವರ್ಡ್ ಮಾಡಬೇಡಿ. ಆ ರಾಶಿಯಲ್ಲಿ ಹಿಂದಿನ ವಾರವಷ್ಟೇ ಕೊಂಡು ಇನ್ನೂ ವಿಮೆ ಮಾಡಿಸದ ಬೋಟೂ ಇರಬಹುದು, ಮಾರಿಯಾಗಿದ್ದರೂ ಹಳೇ ಮಾಲೀಕರ ಹೆಸರಲ್ಲೇ ಉಳಿದ ಬೋಟೂ ಇರಬಹುದು. ಅಲ್ಲಿ ನಿಮ್ಮ ಬಂಧುಗಳೋ ಗೆಳೆಯರೋ ಹಳೇ ಬೋಟು ಕೊಳ್ಳುವ ಯೋಚನೆಯಲ್ಲಿದ್ದರೆ ಈ ಲೇಖನ ಕಳಿಸಿ.